ಬೀಳುವ ಬೆಕ್ಕು ಗಾಳಿಯಲ್ಲಿ ತಿರುಗುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಎಂಟನೇ ತರಗತಿ. ಹೋದ ವಾರ ನಮ್ಮ ಬೆಕ್ಕು ಅಟ್ಟದ ಅಂಚಿನಲ್ಲಿ ಮಲಗಿತ್ತು. ನಿದ್ದೆಯಲ್ಲಿ ಹೊರಳಿ ಅಂಗಾತ ಬಿತ್ತು. ಆದರೆ ನೆಲ ಮುಟ್ಟುವಾಗ ನಾಲ್ಕೂ ಕಾಲು ಕೆಳಗಿದ್ದವು! ಗಾಳಿಯಲ್ಲಿ ಹಿಡಿದುಕೊಳ್ಳಲು, ಒದೆಯಲು ಏನೂ ಇರಲಿಲ್ಲ. ಮತ್ತೆ ಹೇಗೆ ತಿರುಗಿತು? ಬಾಲ ಬೀಸಿ ತಿರುಗುತ್ತದೆ ಅಂತ ಅಣ್ಣ ಹೇಳುತ್ತಾನೆ. ನಿಜವಾ?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಪುಟ್ಟೀ, ‘ಒದೆಯಲು ಏನೂ ಇರಲಿಲ್ಲ’ ಅಂದೆಯಲ್ಲ, ನಿನ್ನ ಪ್ರಶ್ನೆಯ ಜೀವ ಇರುವುದೇ ಆ ಮಾತಿನಲ್ಲಿ. ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಯಾರೂ ಹೇಳಿಕೊಡದೆ ಅಷ್ಟು ದೂರ ಯೋಚಿಸಿದ ಮಕ್ಕಳು ಕಡಿಮೆ. 1894ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ವಿದ್ವಾಂಸರು ತಲೆ ಕೆಡಿಸಿಕೊಂಡದ್ದೂ ಇದಕ್ಕೇ.

ಅವರ ವಾದ ಹೀಗಿತ್ತು. ತಿರುಗದೆ ಬೀಳುತ್ತಿರುವ ವಸ್ತು, ಹೊರಗಿನಿಂದ ಯಾರೂ ತಿರುಗಿಸದೆ ತಾನಾಗಿ ತಿರುಗಲು ಶುರು ಮಾಡುವುದಿಲ್ಲ. ಕೋನೀಯ ಸಂವೇಗದ ನಿಯಮ ಅದು, ನೀನು ಮುಂದೆ ಕಲಿಯುತ್ತೀಯ. ಹಾಗಾಗಿ ಬೆಕ್ಕು ಬೀಳುವ ಮೊದಲೇ, ಹಿಡಿದವರ ಕೈಯನ್ನು ಒದ್ದು ತಿರುವು ಪಡೆದಿರಬೇಕು ಎಂದು ಅಂದುಕೊಂಡಿದ್ದರು. ಎತಿಯೆನ್-ಜೂಲ್ ಮಾರೆ ಎಂಬ ಶರೀರಶಾಸ್ತ್ರಜ್ಞರ ಹತ್ತಿರ ಸೆಕೆಂಡಿಗೆ ಹತ್ತಾರು ಚಿತ್ರ ತೆಗೆಯುವ ಕ್ಯಾಮೆರಾ ಇತ್ತು. ಅವರು ಅಂಗಾತ ಹಿಡಿದ ಬೆಕ್ಕನ್ನು ಬಿಟ್ಟು, ಬೀಳುವುದನ್ನು ಸಾಲಾಗಿ ಚಿತ್ರ ತೆಗೆದರು. ಮೊದಲ ಕೆಲವು ಚಿತ್ರಗಳಲ್ಲಿ ಬೆಕ್ಕು ಒಂಚೂರೂ ತಿರುಗಿಲ್ಲ. ಕೈ ಬಿಟ್ಟ ಮೇಲೆ, ಬರೀ ಗಾಳಿಯಲ್ಲೇ ತಿರುಗಿದೆ. ಕೈಯನ್ನು ಒದ್ದಿದೆ ಎಂಬ ವಾದ ಅಲ್ಲಿಗೆ ಮುಗಿಯಿತು.

ಹಾಗಂತ ನಿಯಮ ಮುರಿಯಿತಾ? ಇಲ್ಲ. ಬೆಕ್ಕು ಕಲ್ಲಲ್ಲ, ಅದರ ಬೆನ್ನು ನಡುವೆ ಬಗ್ಗುತ್ತದೆ. ಉತ್ತರ ಅಲ್ಲೇ ಇದೆ. ಓದುವುದಕ್ಕಿಂತ ಕೈಯಲ್ಲಿ ಮಾಡಿ ನೋಡಿದರೆ ಬೇಗ ತಿಳಿಯುತ್ತದೆ.

ತೋಟಕ್ಕೆ ನೀರು ಬಿಡುವ ಪೈಪಿನ ಒಂದೂವರೆ ಅಡಿ ತುಂಡು ತಗೋ, ಮೆತ್ತಗಿರಲಿ. ಉದ್ದಕ್ಕೂ ಒಂದು ಬದಿಗೆ ಸೀಮೆಸುಣ್ಣದ ಗೆರೆ ಎಳೆ. ಆ ಗೆರೆಯೇ ಬೆಕ್ಕಿನ ಹೊಟ್ಟೆ. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ನಡುಭಾಗ ತೊಟ್ಟಿಲಿನ ಹಾಗೆ ಕೆಳಗೆ ಜೋಲುವಂತೆ ಬಗ್ಗಿಸು. ಗೆರೆ ಮೇಲ್ಗಡೆ ಇರಲಿ. ಅಂಗಾತ ಬೀಳುತ್ತಿರುವ ಬೆಕ್ಕು ಇದು. ಈಗ ಎರಡೂ ತುದಿಗಳನ್ನು ಬತ್ತಿ ಹೊಸೆದ ಹಾಗೆ ಒಟ್ಟಿಗೇ ಮುಂದಕ್ಕೆ ಹೊಸೆ. ಜೋಲಿದ ಭಾಗ ಕೆಳಗೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಆದರೆ ಗೆರೆ? ಪಕ್ಕಕ್ಕೆ ಬಂದು, ಆಮೇಲೆ ಅಡಿಗೆ ಹೋಗುತ್ತದೆ. ಹೊಟ್ಟೆ ಕೆಳಗಾಯಿತು!

ನಿಮ್ಮ ಬೆಕ್ಕು ಮಾಡಿದ್ದೂ ಇದನ್ನೇ. ಮುಂದಿನ ಅರ್ಧ ದೇಹ, ಹಿಂದಿನ ಅರ್ಧ ದೇಹ ಎರಡೂ ತಮ್ಮ ತಮ್ಮ ಉದ್ದಕ್ಕೆ ಒಂದೇ ಕಡೆ ಉರುಳುತ್ತವೆ. ಅದಕ್ಕೆ ಸರಿಯಾಗಿ, ಬಾಗಿದ ಇಡೀ ಮೈ ಎದುರು ದಿಕ್ಕಿಗೆ ಸ್ವಲ್ಪ ವಾಲುತ್ತದೆ. ಕೂಡಿ ಕಳೆದರೆ ಸೊನ್ನೆ. ನಿಯಮವೂ ಉಳಿಯಿತು, ಬೆಕ್ಕೂ ತಿರುಗಿತು. 1969ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೇನ್ ಮತ್ತು ಶೆರ್, ಬೆಕ್ಕನ್ನು ಜೋಡಿಸಿದ ಎರಡು ಉರುಳೆಗಳು ಎಂದುಕೊಂಡು ಲೆಕ್ಕ ಹಾಕಿದರು. ಲೆಕ್ಕದ ಬೆಕ್ಕಿನ ಚಿತ್ರ ನಿಜವಾದ ಬೆಕ್ಕಿನ ಫೋಟೋಗೆ ಚೆನ್ನಾಗಿ ಹೊಂದಿತು. ಏನನ್ನೂ ಹಿಡಿದುಕೊಳ್ಳದೆ ತೇಲುವ ಗಗನಯಾತ್ರಿ ಮೈ ತಿರುಗಿಸುವುದು ಹೇಗೆ ಎಂಬ ಪ್ರಶ್ನೆಗೂ ಇದೇ ಲೆಕ್ಕ ದಾರಿ ತೋರಿಸಿತು. ನನಗಂತೂ ಇದು ಪಾಠದ ಪುಸ್ತಕದಲ್ಲಿ ಇರಲೇಬೇಕಾದ ವಿಷಯ.

ಕಾಲುಗಳ ಕೆಲಸವೂ ಇದೆ. ಬೆಕ್ಕು ಮೊದಲು ಮುಂಗಾಲು ಮಡಚಿ, ಹಿಂಗಾಲು ಚಾಚುತ್ತದೆ. ಮಡಚಿದ ಭಾಗ ಸುಲಭವಾಗಿ ತಿರುಗುತ್ತದೆ, ಚಾಚಿದ ಭಾಗ ಅಷ್ಟು ಅಲುಗುವುದಿಲ್ಲ. ಆಮೇಲೆ ಅದಲು ಬದಲು. ನಿಮ್ಮ ಶಾಲೆಯ ಆಫೀಸಿನಲ್ಲಿ ತಿರುಗುವ ಕುರ್ಚಿ ಇದ್ದರೆ ಕಾಲು ಎತ್ತಿ ಕೂತು, ಕೈ ಚಾಚಿ ಬಲಕ್ಕೆ ಬೀಸು, ಎದೆಗೆ ಮಡಚಿ ವಾಪಸ್ ತಾ. ನಾಲ್ಕೈದು ಸಲ ಮಾಡಿದರೆ ಕುರ್ಚಿ ಎಡಕ್ಕೆ ತಿರುಗಿರುತ್ತದೆ.

ಎಂಟು ಅಡಿ ಎತ್ತರದ ಅಟ್ಟದಿಂದ ನೆಲ ಮುಟ್ಟಲು ಸುಮಾರು 0.7 ಸೆಕೆಂಡು ಸಾಕು. ಅಷ್ಟರಲ್ಲಿ ಮೇಲು ಕೆಳಗು ಯಾವುದು ಎಂದು ಹೇಳುವುದು ಒಳಕಿವಿ. ಮೊದಲು ತಲೆ, ಆಮೇಲೆ ಭುಜ, ಕೊನೆಗೆ ಸೊಂಟ ತಿರುಗುತ್ತದೆ. ಮರಿಗಳಿಗೆ ಈ ವಿದ್ಯೆ ಮೂರು ವಾರದ ಹೊತ್ತಿಗೆ ಕಾಣಿಸಿಕೊಂಡು, ಆರೇಳು ವಾರಕ್ಕೆ ಪಕ್ಕಾ ಆಗುತ್ತದೆ. ಬಾಲ ಅಲ್ಪಸ್ವಲ್ಪ ನೆರವಾಗುತ್ತದೆ, ಅಷ್ಟೇ. ಮ್ಯಾಂಕ್ಸ್ ಎಂಬ ತಳಿಯ ಬೆಕ್ಕುಗಳಿಗೆ ಬಾಲವೇ ಇಲ್ಲ, ಅವೂ ತಿರುಗುತ್ತವೆ. ಅಣ್ಣನಿಗೆ ಹೇಳು.

ಒಂದು ಮಾತು. ಪರೀಕ್ಷೆ ಮಾಡಲು ಬೆಕ್ಕನ್ನು ಬೀಳಿಸಬೇಡ. ದೊಡ್ಡ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅವರು ಓದುವ ಕಾಲದಲ್ಲಿ ಕಿಟಕಿಯಿಂದ ಬೆಕ್ಕು ಎಸೆಯುತ್ತಿದ್ದರು ಎಂದು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಸುದ್ದಿ ಹಬ್ಬಿತ್ತು. ಹಾಗಲ್ಲ, ಮೇಜು ಇಲ್ಲವೇ ಹಾಸಿಗೆಯ ಮೇಲೆ ಬರೀ ಎರಡು ಇಂಚು ಎತ್ತರದಿಂದ ಬಿಡಬೇಕು ಎಂದು ತಾನು ವಿವರಿಸಬೇಕಾಯಿತು ಅಂತ ಅವರು 1870ರಲ್ಲಿ ಹೆಂಡತಿಗೆ ಬರೆದರು. ನಿನಗೆ ಅದೂ ಬೇಡ, ಪೈಪು ಸಾಕು.

ಪ್ರಶ್ನೆ: ನಮ್ಮದು ನಾಲ್ಕನೇ ಮಹಡಿಯ ಫ್ಲಾಟ್. ಬೆಕ್ಕು ಬಾಲ್ಕನಿ ಕಟ್ಟೆ ಮೇಲೆ ಓಡಾಡುತ್ತದೆ. ಬೆಕ್ಕು ಎಲ್ಲಿಂದ ಬಿದ್ದರೂ ಏನೂ ಆಗುವುದಿಲ್ಲ ಎನ್ನುತ್ತಾರೆ. ಬಲೆ ಹಾಕಿಸಲೇಬೇಕಾ?
– ಓದುಗರು, ಬೆಂಗಳೂರು

ಉತ್ತರ: ಹಾಕಿಸಿ. ದಯವಿಟ್ಟು ಈ ವಾರವೇ ಹಾಕಿಸಿ.

ಕಾಲ ಮೇಲೆ ಇಳಿಯುವುದು ಬೇರೆ, ಪೆಟ್ಟಾಗದೆ ಇರುವುದು ಬೇರೆ. ನಾಲ್ಕನೇ ಮಹಡಿಯಿಂದ ಬಿದ್ದ ಬೆಕ್ಕು ನೆಲ ಮುಟ್ಟುವಾಗ ಗಂಟೆಗೆ 50 ಕಿ.ಮೀ. ಹತ್ತಿರದ ವೇಗದಲ್ಲಿರುತ್ತದೆ. ಮೈಸೂರಿನಲ್ಲಿ ನನ್ನ ತಂಗಿಯ ಬೆಕ್ಕು ಪಾರಿವಾಳದ ಮೇಲೆ ಹಾರಲು ಹೋಗಿ ಮೂರನೇ ಮಹಡಿಯಿಂದ ಬಿತ್ತು. ಕಾಲ ಮೇಲೇ ಇಳಿದು, ನಡೆದುಕೊಂಡೇ ಮೂಲೆ ಸೇರಿತು. ಏನೂ ಆಗಿಲ್ಲ ಎಂದು ಸುಮ್ಮನಾದೆವು. ಮರುದಿನ ಸಂಜೆ ಬಾಯಿ ತೆರೆದು ಉಸಿರಾಡತೊಡಗಿತು. ಡಾಕ್ಟರು ನೋಡಿದಾಗ ಶ್ವಾಸಕೋಶಕ್ಕೆ ಪೆಟ್ಟಾಗಿ ಎದೆಗೂಡಿನಲ್ಲಿ ಗಾಳಿ ತುಂಬಿತ್ತು. ಉಳಿಯಲಿಲ್ಲ. ಆ ನೋವು ಇನ್ನೂ ಇದೆ.

ನೀವು ಕೇಳಿದ ಮಾತು ಎಲ್ಲಿಂದ ಬಂತೆಂದು ಹೇಳುತ್ತೇನೆ. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು, ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಸುಮಾರು ಶೇ. 90 ಬದುಕಿದವು. ಏಳು ಮಹಡಿಗಿಂತ ಮೇಲಿಂದ ಬಿದ್ದವಕ್ಕೆ ಗಾಯ ಕಡಿಮೆ ಎಂದೂ ಕಂಡಿತು. ಆದರೆ ಇವು ಆಸ್ಪತ್ರೆಗೆ ಬಂದ ಬೆಕ್ಕುಗಳು. ಬಿದ್ದಲ್ಲೇ ಸತ್ತದ್ದನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ, ಅಲ್ವಾ? 2004ರಲ್ಲಿ ಕ್ರೊಯೇಷಿಯಾದ ಝಾಗ್ರೆಬ್‌ನಲ್ಲಿ 119 ಬೆಕ್ಕುಗಳನ್ನು ನೋಡಿದಾಗ, ಏಳನೇ ಮಹಡಿ ಮತ್ತು ಅದಕ್ಕೂ ಮೇಲಿಂದ ಬಿದ್ದವಕ್ಕೇ ಎದೆಯ ಪೆಟ್ಟು ಜಾಸ್ತಿ ಇತ್ತು.

ಪಾರಿವಾಳಕ್ಕೆ ಹಾಕುವ ಬಲೆಯನ್ನೇ ಬಿಗಿಯಾಗಿ ಕಟ್ಟಿಸಿ, ಆಗಾಗ ಮೂಲೆಗಳನ್ನು ಎಳೆದು ನೋಡಿ. ಕಚ್ಚಿ ಹರಿಯುವ ಬೆಕ್ಕಾದರೆ ಸ್ಟೀಲ್ ಜಾಲರಿಯೇ ಬೇಕು. ಕಿಟಕಿಗೆ ವೆಲ್ಕ್ರೋದಿಂದ ಅಂಟಿಸಿದ ಸೊಳ್ಳೆ ಪರದೆಯನ್ನು ನಂಬಬೇಡಿ, ಬೆಕ್ಕು ಒರಗಿದರೆ ಕಿತ್ತು ಬರುತ್ತದೆ. ಅಕಸ್ಮಾತ್ ಬಿದ್ದರೆ, ಎದ್ದು ನಡೆದರೂ ಸರಿ, ಅದೇ ದಿನ ಡಾಕ್ಟರಿಗೆ ತೋರಿಸಿ.