ಅದೇ ಇಲಿ, ಎರಡು ತೀರ್ಪು

ಪ್ರಶ್ನೆ: ಮೇಡಂ, ಒಂದೇ ಕೆಮಿಕಲ್ಲನ್ನು ಒಂದು ದೇಶ ನಿಷೇಧಿಸುತ್ತದೆ. ಇನ್ನೊಂದು ದೇಶ ‘ಇಷ್ಟರವರೆಗೆ ಪರವಾಗಿಲ್ಲ’ ಅನ್ನುತ್ತದೆ. ಇಬ್ಬರೂ ತಮ್ಮದೇ ವಿಜ್ಞಾನ ಅನ್ನುತ್ತಾರೆ. ಇವರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?

ಉತ್ತರ: ಎಷ್ಟೋ ಸಲ ಯಾರೂ ಅಲ್ಲ. ನಾನು ಇಪ್ಪತ್ತಾರು ವರ್ಷ ವಿಷಪರೀಕ್ಷೆಯ ಲ್ಯಾಬಿನಲ್ಲಿ ದುಡಿದವಳು. ಇಲಿಗಳ ಲಿವರ್ ತೂಗಿಯೇ ಅರ್ಧ ಆಯುಸ್ಸು ಕಳೆದಿದ್ದೇನೆ ಅನ್ನಿ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಅದು 90 ದಿನಗಳ ಪರೀಕ್ಷೆ. ನಾಲ್ಕು ಗುಂಪು ಇಲಿಗಳು, ಗುಂಪಿಗೆ ಹತ್ತು ಗಂಡು, ಹತ್ತು ಹೆಣ್ಣು. ಒಂದು ಗುಂಪಿಗೆ ಬರೀ ಆಹಾರ. ಉಳಿದ ಮೂರಕ್ಕೆ ದಿನಾ, ಮೈತೂಕದ ಕಿಲೋಗೆ 5, 50, 500 ಮಿಲಿಗ್ರಾಂ ಕೆಮಿಕಲ್. ಕೊನೆಗೆ 500ರ ಗುಂಪಿನ ಲಿವರ್‌ಗಳಲ್ಲಿ ಸತ್ತ ಜೀವಕೋಶಗಳು ಕಂಡವು. ಅದರಲ್ಲಿ ತಕರಾರಿಲ್ಲ. 5ರ ಗುಂಪಿನಲ್ಲಿ ಏನೂ ಇಲ್ಲ. ತಲೆನೋವು ಶುರುವಾದದ್ದು 50ರ ಗುಂಪಿನಿಂದ. ಲಿವರ್ ತೂಕ ಸ್ವಲ್ಪ ಜಾಸ್ತಿ, ಕೋಶಗಳು ಸ್ವಲ್ಪ ಊದಿಕೊಂಡಿವೆ, ಆದರೆ ರಕ್ತಪರೀಕ್ಷೆ ಎಲ್ಲಾ ಸರಿ.

ನಮ್ಮ ಇಬ್ಬರು ಪೆಥಾಲಜಿಸ್ಟರು ಒಂದೇ ಸ್ಲೈಡ್ ನೋಡಿದರು. ‘ಇದು ಕಾಯಿಲೆಯಲ್ಲ. ಹೊರೆ ಹೊತ್ತವನ ತೋಳು ದಪ್ಪ ಆಗಲ್ವಾ? ಹಾಗೆ. ಕೆಮಿಕಲ್ಲನ್ನು ಹೊರಗೆ ಹಾಕಲು ಲಿವರ್ ಹೆಚ್ಚು ದುಡಿಯುತ್ತಿದೆ’ ಅಂದರು ಒಬ್ಬರು. ‘ತೊಂಬತ್ತು ದಿನಕ್ಕೇ ಹೀಗೆ, ಎರಡು ವರ್ಷ ತಿಂದರೆ?’ ಅಂದರು ಇನ್ನೊಬ್ಬರು. ಮೈಕ್ರೋಸ್ಕೋಪಿನ ಮುಂದಿನ ಸ್ಟೂಲನ್ನು ಇಬ್ಬರೂ ಸರದಿಯ ಮೇಲೆ ಬಿಟ್ಟುಕೊಟ್ಟರು, ಮಾತನ್ನು ಮಾತ್ರ ಬಿಡಲಿಲ್ಲ.

ಈಗ ಲೆಕ್ಕ ನೋಡಿ. ಕೆಡುಕು ಕಾಣದ ಅತಿ ದೊಡ್ಡ ಡೋಸನ್ನು ಹಿಡಿದು 100ರಿಂದ ಭಾಗಿಸುವುದು ರೂಢಿ. ಮನುಷ್ಯ ಇಲಿಯಲ್ಲ ಅಂತ ಒಂದು 10. ಎಲ್ಲ ಮನುಷ್ಯರೂ ಒಂದೇ ಥರ ಅಲ್ಲ, ಕೂಸು, ಬಸುರಿ, ರೋಗಿ ಎಲ್ಲ ಇರುತ್ತಾರೆ ಅಂತ ಇನ್ನೊಂದು 10. ಮೊದಲ ಪೆಥಾಲಜಿಸ್ಟರ ಮಾತು ಹಿಡಿದರೆ ಆ ಡೋಸು 50. ನೂರರಿಂದ ಭಾಗಿಸಿದರೆ ಕಿಲೋಗೆ ಅರ್ಧ ಮಿಲಿಗ್ರಾಂ, ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 30 ಮಿಲಿಗ್ರಾಂ. ಎರಡನೆಯವರ ಮಾತು ಹಿಡಿದರೆ ಆ ಡೋಸು 5, ದಿನಕ್ಕೆ ಬರೀ 3 ಮಿಲಿಗ್ರಾಂ. ಅದೇ ಇಲಿ, ಅದೇ ಸ್ಲೈಡ್, ಹತ್ತು ಪಟ್ಟು ವ್ಯತ್ಯಾಸ. ಎರಡು ದೇಶದ ಸಮಿತಿಗಳು ಬೇರೆ ಬೇರೆ ತೀರ್ಪು ಕೊಟ್ಟರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಆ 100 ಕೂಡ ಯಾವ ಪ್ರಯೋಗದಿಂದಲೂ ಉದುರಿದ್ದಲ್ಲ. 1954ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ಇಬ್ಬರು ವಿಜ್ಞಾನಿಗಳು ಅನುಭವದ ಮೇಲೆ ಸೂಚಿಸಿದ್ದು. ವಿಜ್ಞಾನಿಗಳು ಅಂಕಿ ಕೊಡುತ್ತಾರೆ, ಆಮೇಲೆ ಸರ್ಕಾರ ಎಚ್ಚರಿಕೆ ಸೇರಿಸುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಎಚ್ಚರಿಕೆ ಆ ಅಂಕಿಯ ಹೊಟ್ಟೆಯೊಳಗೇ ಇರುತ್ತದೆ.

ಇನ್ನೊಂದು ಮಾತು. ಕ್ಯಾನ್ಸರ್ ಪರೀಕ್ಷೆಯಲ್ಲಿ ಒಂದು ಡೋಸಿಗೆ 50 ಗಂಡು, 50 ಹೆಣ್ಣು ಇಲಿಗಳಿರುತ್ತವೆ. ನೂರಕ್ಕೆ ಒಂದಕ್ಕೆ ಬರುವ ಗೆಡ್ಡೆ 50 ಇಲಿಗಳಲ್ಲಿ ಒಂದರಲ್ಲೂ ಕಾಣದೇ ಹೋಗುವ ಸಂಭವ ಶೇ. 60ರಷ್ಟು. ಕೋಟಿ ಜನ ಬಳಸುವ ವಸ್ತುವಿನಲ್ಲಿ ನೂರಕ್ಕೆ ಒಂದು ಎಂದರೆ ಒಂದು ಲಕ್ಷ. ‘ಏನೂ ಕಾಣಲಿಲ್ಲ’ ಅಂತ ವರದಿಗೆ ಸಹಿ ಹಾಕುವಾಗ ನನ್ನ ಕೈ ಯಾಕೆ ತಡೆಯುತ್ತಿತ್ತು ಅಂತ ಗೊತ್ತಾಯಿತಲ್ಲ?

ಪ್ರಶ್ನೆ: ಪೂರ್ತಿ ಸಾಬೀತಾಗುವ ಮೊದಲೇ ನಿಷೇಧ ಹಾಕುವುದು ಹೆದರುಪುಕ್ಕಲುತನ ಅಲ್ಲವೇ? ಸಾಕ್ಷಿ ಬರಲಿ, ಆಮೇಲೆ ನೋಡೋಣ ಅಂದರೆ ತಪ್ಪೇನು?

ಉತ್ತರ: ಆ ‘ಆಮೇಲೆ’ ಎಷ್ಟು ಉದ್ದ ಅಂತ ಒಂದು ಸಲ ನೋಡೋಣ. ಎಂಜಿನ್ ಕುಟ್ಟುವ ಸದ್ದು ನಿಲ್ಲಲಿ ಅಂತ 1923ರಿಂದ ಪೆಟ್ರೋಲಿಗೆ ಸೀಸ ಬೆರೆಸಿ ಮಾರತೊಡಗಿದರು. ಮರುವರ್ಷವೇ ನ್ಯೂಜೆರ್ಸಿಯಲ್ಲಿ ಆ ಸೀಸದ ದ್ರವ ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಸಭೆ ಸೇರಿತು. ಇದು ಬೀದಿಯ ಧೂಳಿಗೆ, ಎಲ್ಲರ ಮೈಗೆ ಸೇರುತ್ತದೆ ಅಂತ ಕಾರ್ಖಾನೆ ವಿಷಗಳ ತಜ್ಞೆ ಡಾ. ಆಲಿಸ್ ಹ್ಯಾಮಿಲ್ಟನ್ ಎಚ್ಚರಿಸಿದರು. ಸಭೆಯ ನಂತರ ನೇಮಿಸಿದ ಸಮಿತಿ, ಸದ್ಯಕ್ಕೆ ನಿಷೇಧಿಸಲು ಕಾರಣ ಸಾಲದು, ಮುಂದೆ ಇನ್ನಷ್ಟು ಅಧ್ಯಯನ ಆಗಲಿ ಅಂದಿತು. ಆ ಅಧ್ಯಯನ ಬಹುಪಾಲು ಉದ್ಯಮದ ದುಡ್ಡಿನಲ್ಲೇ ನಡೆಯಿತು. ಸಾಬೀತು ಮಾಡುವ ಹೊಣೆ ಮಾರುವವರದ್ದಲ್ಲ, ಉಸಿರಾಡುವವರದ್ದು ಅಂತಾಯಿತು. ನಲವತ್ತು ವರ್ಷದ ಮೇಲೆ, 1965ರಲ್ಲಿ, ಕ್ಲೇರ್ ಪ್ಯಾಟರ್ಸನ್ ಎಂಬ ಭೂರಸಾಯನ ವಿಜ್ಞಾನಿ ನಮ್ಮ ಮೈಯಲ್ಲಿರುವ ಸೀಸ ಸಹಜದ್ದಲ್ಲ, ನಾವೇ ತುಂಬಿಕೊಂಡದ್ದು ಅಂತ ಬರೆದರು. ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ. ಅದು ನಿಲ್ಲಿಸಿದ್ದು 2021ರಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕತೆ.

ಓಝೋನ್ ವಿಷಯದಲ್ಲಿ ಜನ ಸ್ವಲ್ಪ ಜಾಣರಾಗಿದ್ದರು. ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲ ಓಝೋನ್ ಪದರ ತಿನ್ನುತ್ತದೆ ಅಂತ ಮೊಲಿನಾ ಮತ್ತು ರೋಲೆಂಡ್ ಎಂಬ ರಸಾಯನ ವಿಜ್ಞಾನಿಗಳು 1974ರಲ್ಲಿ ಲೆಕ್ಕ ಹಾಕಿ ಹೇಳಿದರು. ಅದಿನ್ನೂ ಲೆಕ್ಕ ಮಾತ್ರ. ಅಂಟಾರ್ಕ್ಟಿಕದ ಮೇಲಿನ ತೂತು ಜಗತ್ತಿಗೆ ಗೊತ್ತಾದದ್ದು 1985ರಲ್ಲಿ. ಆದರೂ ಅಮೆರಿಕ 1978ರಲ್ಲೇ ಬಹುತೇಕ ಸ್ಪ್ರೇ ಡಬ್ಬಿಗಳಿಂದ ಅದನ್ನು ತೆಗೆಸಿತ್ತು. ಸಿಎಫ್‌ಸಿ ಕಡಿಮೆ ಮಾಡಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ಹೊತ್ತಿಗೂ ವಿವರಗಳು ಪೂರ್ತಿ ಬಗೆಹರಿದಿರಲಿಲ್ಲ.

ಹಾಗಂತ ಎತ್ತು ಈಯಿತು ಅಂದ ತಕ್ಷಣ ಕೊಟ್ಟಿಗೆಗೆ ಕಟ್ಟು ಅನ್ನುವವಳೂ ನಾನಲ್ಲ. ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆ ಕಂಡಿತು ಅಂತ 1977ರಲ್ಲಿ ಅಮೆರಿಕದಲ್ಲಿ ಸಕ್ಕರೆಯ ಬದಲು ಬಳಸುವ ಸ್ಯಾಕರಿನ್ ನಿಷೇಧಿಸಲು ಹೊರಟರು. ಜನ ಗಲಾಟೆ ಮಾಡಿದರು, ಸಂಸತ್ತು ತಡೆಯಿತು, ಎಚ್ಚರಿಕೆಯ ಚೀಟಿ ಮಾತ್ರ ಅಂಟಿತು. ಆಮೇಲೆ ನೋಡಿದರೆ ಆ ಗೆಡ್ಡೆಗೆ ಕಾರಣ ಇಲಿಯ ಮೂತ್ರದ ವಿಶೇಷ ಗುಣ, ಮನುಷ್ಯರಿಗೆ ಅದು ಅನ್ವಯಿಸುವುದಿಲ್ಲ. 2000ದಲ್ಲಿ ಚೀಟಿ ಹೋಯಿತು. ನನಗೆ ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಕಾಣುವುದಿಲ್ಲ. ಚೀಟಿಯನ್ನು ಕಿತ್ತು ಹಾಕಬಹುದು. ಮಗುವಿನ ಮಿದುಳಿಗೆ ಸೇರಿದ ಸೀಸ ಮಾಡಿದ ಹಾನಿಯನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ.

ಕಾನೂನುಗಳ ಜಗಳವೂ ಇದೇ. ಅಮೆರಿಕ 1976ರಲ್ಲಿ ಕೆಮಿಕಲ್ ನಿಯಂತ್ರಣದ ಕಾನೂನು ತಂದಾಗ ಆಗಲೇ ಬಳಕೆಯಲ್ಲಿದ್ದ ಸುಮಾರು 62,000 ಕೆಮಿಕಲ್‌ಗಳನ್ನು ಪರೀಕ್ಷೆಯಿಲ್ಲದೆ ಒಳಗೆ ಬಿಟ್ಟುಕೊಂಡಿತು. ಕೆಟ್ಟದ್ದು ಅಂತ ತೋರಿಸುವ ಹೊಣೆ ಸರ್ಕಾರದ್ದು. ಅದು ಎಷ್ಟು ಭಾರ ಎಂದರೆ, 1989ರ ಆಸ್ಬೆಸ್ಟಾಸ್ ನಿಷೇಧದ ಬಹುಪಾಲನ್ನು 1991ರಲ್ಲಿ ಕೋರ್ಟೇ ಹೊಡೆದು ಹಾಕಿತು. ಅಷ್ಟು ಹಳೆಯ ವಿಷ, ಅಷ್ಟೊಂದು ಸಾಕ್ಷಿ, ಆದರೂ! ಯುರೋಪಿನಲ್ಲಿ 2007ರಲ್ಲಿ ಜಾರಿಯಾದ ‘ರೀಚ್’ ಕಾನೂನು ಹೊಣೆಯನ್ನು ತಿರುಗಿಸಿತು. ಮಾಹಿತಿ ಕೊಡಿ, ಆಮೇಲೆ ಮಾರಿ. ನನ್ನ ಒಲವು ಆ ಕಡೆಗೆ, ಮುಚ್ಚಿಡುವುದೇನಿದೆ.

ಪ್ರಶ್ನೆ: ಕ್ಯಾನ್ಸರ್ ತರುವ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸಿಗರೇಟಿನ ಜೊತೆ ಬಿಸಿಲೂ ಇದೆ. ಮನೆಯಿಂದ ಹೊರಗೆ ಬರಬಾರದೇ?

ಉತ್ತರ: ಬನ್ನಿ, ಧಾರಾಳವಾಗಿ ಬನ್ನಿ. ಆ ಪಟ್ಟಿ ಹೇಳುವುದು ಕ್ಯಾನ್ಸರ್ ತರಬಲ್ಲದು ಎಂಬುದಕ್ಕೆ ಸಾಕ್ಷಿ ಎಷ್ಟು ಗಟ್ಟಿ ಅಂತ ಮಾತ್ರ. ಎಷ್ಟು ಜನಕ್ಕೆ ತರುತ್ತದೆ, ಎಷ್ಟು ಬಳಸಿದರೆ ತರುತ್ತದೆ ಅಂತ ಅಲ್ಲ. ಹುಲಿಗೆ ಹಲ್ಲಿದೆ ಅನ್ನುವುದು ಒಂದು ಮಾತು, ಹುಲಿ ಎಲ್ಲಿದೆ ಅನ್ನುವುದು ಬೇರೆ ಮಾತು.

ಪ್ರಶ್ನೆ: ‘ಬಿಪಿಎ ಫ್ರೀ’ ಅಂತ ಬರೆದಿರುವ ಬಾಟಲಿ ಕೊಂಡಿದ್ದೇನೆ. ಈಗ ನಿಶ್ಚಿಂತೆ ಅಲ್ವಾ?

ಉತ್ತರ: ಅರ್ಧ ನಿಶ್ಚಿಂತೆ. ಬಿಪಿಎ ಅಂದರೆ ಗಟ್ಟಿ ಪ್ಲಾಸ್ಟಿಕ್ ತಯಾರಿಸಲು ಬಳಸುವ ಒಂದು ಕೆಮಿಕಲ್. ಮೈಯೊಳಗೆ ಹಾರ್ಮೋನಿನಂತೆ ನಟಿಸುತ್ತದೆ ಅಂತ ಅದನ್ನು ಯುರೋಪು 2011ರಲ್ಲಿ ಮಕ್ಕಳ ಹಾಲಿನ ಬಾಟಲಿಗಳಿಂದ ತೆಗೆಸಿತು. ಆಮೇಲೆ ಎಷ್ಟೋ ವಸ್ತುಗಳಲ್ಲಿ ಅದರ ಜಾಗಕ್ಕೆ ಅದರ ದಾಯಾದಿ ಬಿಪಿಎಸ್ ಬಂದು ಕೂತಿತು. ಲ್ಯಾಬಿನಲ್ಲಿ ಅದೂ ಹೆಚ್ಚುಕಡಿಮೆ ಅದೇ ಆಟ ಆಡುತ್ತದೆ. ನಿಮ್ಮ ಬಾಟಲಿಯ ಮೇಲೆ ಏನಿಲ್ಲ ಅಂತ ಬರೆದಿದ್ದಾರೆ, ಅದರ ಬದಲು ಏನು ಹಾಕಿದ್ದಾರೆ ಅಂತ ಬರೆದಿಲ್ಲ. ತಯಾರಿಸಿದವರಿಗೆ ಒಂದು ಕಾಗದ ಬರೆದು ಕೇಳಿ. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ.