ಸಿವಿಲ್ ಬಿ.ಇ. ಮುಗಿಸಿ ಸೈಟ್‌ನಲ್ಲಿದ್ದೇನೆ. ಎಂ.ಟೆಕ್ ಮಾಡಬೇಕಾ? ಮಾಡಿದರೆ ಸ್ಟ್ರಕ್ಚರಲ್ಲೇ ತಗೋಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಬಿ.ಇ. ಮುಗಿದು ಎರಡು ವರ್ಷ ಆಗಿದೆ, ಹುಬ್ಬಳ್ಳಿಯಲ್ಲಿ ಅಪಾರ್ಟ್‌ಮೆಂಟ್ ಸೈಟ್ ನೋಡಿಕೊಳ್ಳುತ್ತಿದ್ದೀರಿ, ಸಂಬಳ ಅಲ್ಲೇ ನಿಂತಿದೆ. ಮನೆಯಲ್ಲಿ ‘ಎಂ.ಟೆಕ್ ಮಾಡು’ ಅನ್ನುತ್ತಾರೆ, ಗೆಳೆಯರು ‘ಮಾಡಿದರೆ ಸ್ಟ್ರಕ್ಚರಲ್ಲೇ ಮಾಡು’ ಅನ್ನುತ್ತಾರೆ. ಮೇಲೆ ವಯಸ್ಸು 25 ದಾಟಿತು, ಲೇಟ್ ಆಯಿತೇನೋ ಅನ್ನುವ ಚಿಂತೆ ಬೇರೆ. ನಾನೂ ಸೈಟ್‌ನಿಂದಲೇ ಹೋಗಿ ಜಿಯೋಟೆಕ್ನಿಕಲ್‌ನಲ್ಲಿ, ಅಂದರೆ ಮಣ್ಣು ಮತ್ತು ಅಡಿಪಾಯದ ವಿಷಯದಲ್ಲಿ, ಎಂ.ಟೆಕ್ ಮಾಡಿದವನು. ಈಗ ಬೆಂಗಳೂರಿನಲ್ಲಿ ಫೌಂಡೇಶನ್ ಡಿಸೈನ್ ಮಾಡುತ್ತೇನೆ. ಹಾಗಾಗಿ ಮಣ್ಣಿನ ಕಡೆ ಸ್ವಲ್ಪ ಪಕ್ಷಪಾತ ಇದೆ, ಅದನ್ನು ಕಳೆದು ಓದಿ.

ಸಂಬಳ ಏರಲಿ ಅನ್ನುವುದೊಂದೇ ಕಾರಣವಾದರೆ ಎಂ.ಟೆಕ್ ಬೇಡ. ನೀವು ಈಗ ಮಾಡುತ್ತಿರುವ ಕೆಲಸಕ್ಕೆ ಅದರಿಂದ ಬೆಲೆ ಬರುವುದಿಲ್ಲ. ಗುತ್ತಿಗೆದಾರನಿಗೆ ಬೇಕಾದದ್ದು ಸಂಜೆಯೊಳಗೆ ಸ್ಲ್ಯಾಬ್ ಹಾಕಿಸುವವನು, ಬಾರ್ ಬೆಂಡಿಂಗ್ ಶೆಡ್ಯೂಲ್ ಸರಿಯಾಗಿ ಓದುವವನು, ಸಬ್‌ಕಾಂಟ್ರಾಕ್ಟರ್ ಬಿಲ್ ಹಿಡಿದು ನೋಡುವವನು. ಅದನ್ನೆಲ್ಲ ಸೈಟೇ ಕಲಿಸುತ್ತದೆ. ಅದೇ ಲೈನ್‌ನಲ್ಲಿ ಮುಂದೆ ಹೋಗಬೇಕೆಂದರೆ ಎರಡು ವರ್ಷ ಕ್ಲಾಸ್‌ನಲ್ಲಿ ಕೂರುವುದಕ್ಕಿಂತ ದೊಡ್ಡ ಕಂಪನಿಗೆ, ದೊಡ್ಡ ಪ್ರಾಜೆಕ್ಟಿಗೆ ಜಿಗಿಯುವುದು ಲಾಭ.

ಸರ್ಕಾರಿ ಕೆಲಸ ಮನಸ್ಸಿನಲ್ಲಿದ್ದರೂ ಇದೇ ಮಾತು. ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್ ಹುದ್ದೆಗೆ ಬಿ.ಇ. ಸಾಕು, ಜೂನಿಯರ್ ಎಂಜಿನಿಯರ್‌ಗೆ ಡಿಪ್ಲೊಮಾ ಸಾಕು. ಯುಪಿಎಸ್‌ಸಿಯ ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆಗೂ ಬಿ.ಇ. ಸಾಕು. ‘ಎಂ.ಟೆಕ್ ಮಾಡುತ್ತಾ ಮಾಡುತ್ತಾ ಕೆಪಿಎಸ್‌ಸಿಗೂ ಓದುತ್ತೇನೆ’ ಅಂತ ಬರುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಹೆಚ್ಚಿನವರಿಗೆ ಎರಡೂ ಅರ್ಧಂಬರ್ಧ ಆಗುತ್ತದೆ.

ಹಾಗಾದರೆ ಯಾರಿಗೆ ಬೇಕು? ಲೆಕ್ಕ ಹಾಕಿ, ಸಹಿ ಮಾಡಿ, ಆ ಲೆಕ್ಕಕ್ಕೆ ಜವಾಬ್ದಾರಿ ಹೊರುವ ಕೆಲಸ ಬೇಕು ಅನ್ನುವವರಿಗೆ. ಅಂದರೆ ಡಿಸೈನ್. ಬೆಂಗಳೂರಿನ ಕನ್ಸಲ್ಟೆನ್ಸಿಗಳಲ್ಲಿ ಡಿಸೈನ್ ಹುದ್ದೆಗೆ ಎಂ.ಟೆಕ್ ಕೇಳುವುದು ಮಾಮೂಲು. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಸ್ಟ್ರಕ್ಚರಲ್ ಎಂಜಿನಿಯರ್ ಆಗಲು ಬಿ.ಇ. ನಂತರ ಮೂರು ವರ್ಷದ ಅನುಭವ ಕೇಳಿದರೆ, ಆ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇದ್ದವರಿಗೆ ಅದನ್ನು ಎರಡಕ್ಕೆ ಇಳಿಸಿದ್ದಾರೆ. ಇನ್ನು ಪಾಠ ಮಾಡುವವರಿಗೆ ಎಂ.ಟೆಕ್ ಬೇಕೇ ಬೇಕು, ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ನಿಯಮವೇ ಹಾಗಿದೆ. ಆದರೆ ಹುಷಾರು. ನಿಯಮದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಮೂಲ ವೇತನ 57,700 ರೂಪಾಯಿಯಿಂದ ಶುರುವಾದರೂ ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಕೈಗೆ ಬರುವುದು ಬೇರೆಯೇ. ಎಲ್ಲರೂ ಕಂಪ್ಯೂಟರ್ ಸೈನ್ಸ್ ಕಡೆ ಓಡುತ್ತಿರುವ ಈ ಕಾಲದಲ್ಲಿ ಸಿವಿಲ್ ವಿಭಾಗದಲ್ಲಿ ಹೊಸ ಹುದ್ದೆ ಎಷ್ಟು ತೆಗೆಯುತ್ತಾರೆ ಅಂತ ನೀವೇ ಯೋಚಿಸಿ.

ಈಗ ವಿಷಯದ ಆಯ್ಕೆ. ನಿಜವಾದ ಪ್ರಶ್ನೆ ಇದು ಅಂತ ನನಗೆ ಅನ್ನಿಸುತ್ತದೆ.

ಸ್ಟ್ರಕ್ಚರಲ್ ಕೆಟ್ಟದ್ದೇನಲ್ಲ. ಕೆಲಸಗಳೂ ಅದರಲ್ಲೇ ಜಾಸ್ತಿ, ನಮ್ಮ ವಿಟಿಯು ಕಾಲೇಜುಗಳಲ್ಲಿ ಸೀಟುಗಳೂ ಅದರಲ್ಲೇ ಜಾಸ್ತಿ. ತೊಂದರೆ ಏನೆಂದರೆ ಸುಮ್ನೆ ತಗೊಳ್ಳುವವರೂ ಜಾಸ್ತಿ. ಇಟ್ಯಾಬ್ಸ್ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮಾದರಿ ಕಟ್ಟಿ, ಬಟನ್ ಒತ್ತಿ, ಬಂದ ಸ್ಟೀಲ್ ಶೇಕಡಾವಾರನ್ನು ಡ್ರಾಯಿಂಗಿಗೆ ಇಳಿಸುವುದಕ್ಕೆ ಎಂ.ಟೆಕ್ ಬೇಕಿಲ್ಲ, ಮೂರು ತಿಂಗಳ ಕೋರ್ಸ್ ಸಾಕು. ಆ ಕೆಲಸಕ್ಕೆ ಪೈಪೋಟಿ ಕೂಡ ಆ ಕೋರ್ಸ್ ಮಾಡಿದವರ ಜೊತೆಗೇ. ಎಂ.ಟೆಕ್‌ನಲ್ಲಿ ಸಿಗಬೇಕಾದದ್ದು ಸ್ಟ್ರಕ್ಚರಲ್ ಡೈನಾಮಿಕ್ಸ್, ಫೈನೈಟ್ ಎಲಿಮೆಂಟ್. ಭೂಕಂಪಕ್ಕೆ ಐಎಸ್ 13920 ಎಂಬ ಭಾರತೀಯ ಮಾನಕ ಯಾಕೆ ಬೀಮ್ ತುದಿಯಲ್ಲಿ ಕಂಬಿ ಸುತ್ತುವ ರಿಂಗ್‌ಗಳನ್ನು ಅಷ್ಟು ಹತ್ತಿರ ಕೇಳುತ್ತದೆ ಅನ್ನುವುದರ ಹಿಂದಿನ ಕಥೆ. ನೀವು ಸೈಟ್‌ನಲ್ಲಿ ರಿಂಗ್ ಅಂತರ ಚೆಕ್ ಮಾಡುವಾಗ ‘ಯಾಕಪ್ಪಾ ಇಷ್ಟು’ ಅಂತ ಎಂದಾದರೂ ತಲೆ ಕೆಡಿಸಿಕೊಂಡಿದ್ದರೆ ಸ್ಟ್ರಕ್ಚರಲ್‌ಗೆ ಹೋಗಿ. ಚೆಕ್ ಮಾಡಿ ಟಿಕ್ ಹಾಕಿ ಮುಂದೆ ಹೋಗುವವರಾದರೆ ಬೇರೆ ನೋಡಿ.

ಮಣ್ಣಿನ ಮಾತಿಗೆ ಬರುತ್ತೇನೆ. ನೀವಿರುವುದು ಹುಬ್ಬಳ್ಳಿಯಲ್ಲಿ, ಅಂದರೆ ಎರೆ ಮಣ್ಣಿನ ಮೇಲೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಉಬ್ಬು. ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ನೀರನ್ನು ಪದರಗಳ ನಡುವೆ ಎಳೆದುಕೊಂಡು ಹಿಗ್ಗುತ್ತದೆ. ಮನೆಯ ಭಾರ ಕಡಿಮೆ ಇದ್ದರೆ ಮಣ್ಣು ಮನೆಯನ್ನೇ ಎತ್ತುತ್ತದೆ, ಅದೂ ಎಲ್ಲ ಮೂಲೆಗಳನ್ನು ಒಂದೇ ಸಮ ಎತ್ತುವುದಿಲ್ಲ, ಅದಕ್ಕೇ ಗೋಡೆ ಓರೆಯಾಗಿ ಸೀಳುತ್ತದೆ. ನಿಮ್ಮ ಕಡೆ ಮೇಸ್ತ್ರಿಗಳು ಏನು ಮಾಡುತ್ತಾರೆ? ಎರೆ ತೆಗೆಸಿ ಗರಸು ತುಂಬಿಸುತ್ತಾರೆ. ಎಷ್ಟು ದಪ್ಪ? ‘ನಾವು ಯಾವಾಗಲೂ ಇಷ್ಟೇ ಹಾಕೋದು ಸರ್.’ ಗರಸಿನ ಬದಲು ಮರಳು ತುಂಬಿದರೆ? ಅಲ್ಲಿಗೆ ಉತ್ತರ ನಿಂತುಹೋಗುತ್ತದೆ.

ಆ ಪ್ರಶ್ನೆಯನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದವರು ಬಾಂಬೆ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ. ಉಬ್ಬದ, ಆದರೆ ತುಸು ಅಂಟು ಇರುವ ಮಣ್ಣಿನ ಪದರವನ್ನು ಸುಮಾರು ಒಂದು ಮೀಟರ್ ದಪ್ಪ ಹಾಕಿ ಗಟ್ಟಿಸಿದರೆ ಕೆಳಗಿನ ಎರೆ ಮಣ್ಣಿನ ಉಬ್ಬು ತೀರಾ ಕಡಿಮೆಯಾಗುತ್ತದೆ ಅಂತ ತೋರಿಸಿದರು. ಇದಕ್ಕೆ ಸಿಎನ್‌ಎಸ್ ಪದರ ಅನ್ನುತ್ತಾರೆ. ಮರಳಿನಲ್ಲಿ ಅಂಟಿಲ್ಲ, ಮೇಲಾಗಿ ಅದು ನೀರನ್ನು ಸೀದಾ ಕೆಳಕ್ಕೆ ಬಿಡುತ್ತದೆ, ಹಾಗಾಗಿ ಆ ಕೆಲಸ ಅದರಿಂದ ಆಗುವುದಿಲ್ಲ. ಕಪ್ಪು ಮಣ್ಣಿನ ಕಾಲುವೆಗಳ ಲೈನಿಂಗ್‌ಗೆ ಐಎಸ್ 9451 ಇದನ್ನೇ ಹೇಳುತ್ತದೆ. ಮೇಸ್ತ್ರಿಯ ಗರಸು ಬಹುಪಾಲು ಸರಿಯೇ. ಆದರೆ ಯಾವ ಗರಸು, ಎಷ್ಟು ದಪ್ಪ, ಎಷ್ಟು ನೀರಿನಲ್ಲಿ ಗಟ್ಟಿಸಬೇಕು ಅಂತ ಹೇಳುವವನಿಗೆ ಮಾತ್ರ ಡಿಸೈನ್ ಫೀ ಸಿಗುತ್ತದೆ.

ಕರಾವಳಿಗೆ ಹೋದರೆ ಕಥೆ ಬೇರೆ. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಕಡಿದು ನಿಲ್ಲಿಸಿದ ಶೇಡಿ ಗೋಡೆ ನೆಟ್ಟಗೆ ನಿಲ್ಲುತ್ತದೆ, ಎಂಥವರಿಗೂ ಧೈರ್ಯ ಬರುವಂತೆ. ನೀರು ಕುಡಿದ ಮೇಲೆ ಅದರ ಬಲ ಕುಸಿಯುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಜಿಯೋಟೆಕ್ ಮಾಡುವವರಿಗೆ ಈ ಮಣ್ಣು ಬಾಗಿಲಲ್ಲೇ ಇದೆ. ಅದಕ್ಕೆ ಸುಣ್ಣ, ಸಿಮೆಂಟ್, ಹಾರುಬೂದಿ ಬೆರೆಸಿ ಗಟ್ಟಿ ಮಾಡುವ ಬಗ್ಗೆ ಅಲ್ಲಿ ಸಾಕಷ್ಟು ಕೆಲಸ ಆಗಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಕುಸಿದು ಗಂಗಾವಳಿ ನದಿಯವರೆಗೆ ಹೋಯಿತಲ್ಲ, 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದವಲ್ಲ, ಆಗೆಲ್ಲ ಟೀವಿಯಲ್ಲಿ ಎರಡು ದಿನ ಚರ್ಚೆ ನಡೆಯುತ್ತದೆ. ಇಳಿಜಾರನ್ನು ಎಷ್ಟು ಕೋನಕ್ಕೆ ಕಡಿಯಬಹುದು, ಒಳಗಿನ ನೀರು ಯಾವ ದಾರಿಯಲ್ಲಿ ಹೊರಬರಬೇಕು ಅಂತ ಲೆಕ್ಕ ಹಾಕುವ ಜನ ನಮ್ಮಲ್ಲಿ ಕಡಿಮೆ. ಬೆಂಗಳೂರಿನ ಮೆಟ್ರೊ ಸುರಂಗದಲ್ಲೂ ಅಷ್ಟೇ. ಕೊರೆಯುವ ಒಂದೇ ಮುಖದಲ್ಲಿ ಅರ್ಧ ಮಣ್ಣು, ಅರ್ಧ ಬಂಡೆ, ನಡುವೆ ಗುಂಡುಕಲ್ಲು. ಸಾಫ್ಟ್‌ವೇರ್ ಅಲ್ಲೂ ಇದೆ. ಆದರೆ ಅದಕ್ಕೆ ಕೊಡುವ ಸಂಖ್ಯೆಯನ್ನು ನೆಲ ಕೊರೆದು ಬರೆದ ದಾಖಲೆ, ಅಂದರೆ ಬೋರ್ ಲಾಗ್ ಓದಿ ಮನುಷ್ಯನೇ ತೀರ್ಮಾನಿಸಬೇಕು.

ನೀರಿನ ವಿಷಯಕ್ಕೂ ಒಳ್ಳೆಯ ಕಾಲ ಬಂದಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದದ್ದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದ್ದು ನೆನಪಿರಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದ ಮೇಲೆ ದೊಡ್ಡ ಅಣೆಕಟ್ಟುಗಳ ಸುರಕ್ಷತೆಯ ಪರಿಶೀಲನೆ, ತುರ್ತು ಯೋಜನೆ ಎಲ್ಲ ಕಡ್ಡಾಯ. ಆ ಲೆಕ್ಕಗಳನ್ನು ಯಾರಾದರೂ ಮಾಡಲೇಬೇಕು. ಪರಿಸರ ಎಂಜಿನಿಯರಿಂಗ್ ಅಂದರೆ ಬರೀ ಗಿಡ ನೆಡುವುದು ಅಂದುಕೊಂಡವರು ಕೆ.ಸಿ. ವ್ಯಾಲಿ ಯೋಜನೆ ನೋಡಲಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಅದರ ಪರ, ವಿರೋಧ ಎರಡಕ್ಕೂ ಲೆಕ್ಕ ಗೊತ್ತಿರುವವರು ಬೇಕು. ಟ್ರಾನ್ಸ್‌ಪೋರ್ಟೇಶನ್‌ನಲ್ಲಿ ರಸ್ತೆ ಪದರ ವಿನ್ಯಾಸ ಮತ್ತು ಟ್ರಾಫಿಕ್ ಅಂತ ಎರಡು ಬೇರೆ ಬೇರೆ ಲೋಕಗಳಿವೆ, ಸೇರುವ ಮೊದಲೇ ಯಾವುದು ಅಂತ ಕೇಳಿಕೊಳ್ಳಿ. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಸೈಟ್‌ನಲ್ಲೇ ಇದ್ದು ಪ್ಲಾನಿಂಗ್, ಕಾಂಟ್ರಾಕ್ಟ್ ಕಡೆ ಸರಿಯುವವರಿಗೆ.

ಎಲ್ಲಿ ಮಾಡುವುದು ಅನ್ನುವುದಕ್ಕೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಲ್ಯಾಬ್ ಇಲ್ಲದ ಕಡೆ ಮಾಡಲೇಬೇಡಿ. ನಾಲ್ಕು ಸೆಮಿಸ್ಟರ್‌ನಲ್ಲಿ ಮೊದಲೆರಡು ಪಾಠ, ಉಳಿದೆರಡು ಹೆಚ್ಚುಕಡಿಮೆ ಪೂರ್ತಿ ಥೀಸಿಸ್. ನಿಜವಾದ ಎಂ.ಟೆಕ್ ಆ ಎರಡನೇ ವರ್ಷ. ಮಣ್ಣಿನ ಬಲ ಅಳೆಯುವ ಟ್ರೈಆಕ್ಸಿಯಲ್ ಯಂತ್ರಕ್ಕೆ ಧೂಳು ಹಿಡಿದಿದ್ದರೆ, ಹೋದ ವರ್ಷದ ಥೀಸಿಸ್‌ಗಳೆಲ್ಲ ಒಂದೇ ಕಟ್ಟಡವನ್ನು ಮಹಡಿ ಬದಲಿಸಿ ಸಾಫ್ಟ್‌ವೇರ್‌ನಲ್ಲಿ ಓಡಿಸಿದ್ದಾಗಿದ್ದರೆ, ಅಲ್ಲಿಂದ ನಿಮಗೆ ಸಿಗುವುದು ಸರ್ಟಿಫಿಕೇಟ್ ಮಾತ್ರ. ಸೇರುವ ಮೊದಲು ವಿಭಾಗಕ್ಕೆ ಹೋಗಿ ಲ್ಯಾಬ್ ನೋಡಿ, ಎರಡನೇ ವರ್ಷದ ಹುಡುಗರ ಜೊತೆ ಕ್ಯಾಂಟೀನ್‌ನಲ್ಲಿ ಕೂತು ಮಾತಾಡಿ. ಅವರು ಸುಳ್ಳು ಹೇಳುವುದಿಲ್ಲ. ನಮ್ಮ ರಾಜ್ಯದಲ್ಲೇ ಐಐಎಸ್‌ಸಿ, ಎನ್‌ಐಟಿಕೆ ಇವೆ. ಎನ್‌ಐಟಿಕೆಯಲ್ಲಿ ಕಡಲ ಕಟ್ಟಡಗಳ ಬಗ್ಗೆಯೇ ಒಂದು ಎಂ.ಟೆಕ್ ಇದೆ, ಬಂದರು ಕೆಲಸದಲ್ಲಿ ಆಸಕ್ತಿ ಇದ್ದವರು ನೋಡಿ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಇದೆ.

ಇದಕ್ಕೆಲ್ಲ ದಾರಿ ಗೇಟ್ (GATE) ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ. ಫೆಬ್ರವರಿಯಲ್ಲಿ ಪರೀಕ್ಷೆ, ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಸ್ಕೋರ್ ಮೂರು ವರ್ಷ ನಡೆಯುತ್ತದೆ. ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಕೌನ್ಸೆಲಿಂಗ್ ಮೂಲಕ, ಐಐಟಿಗಳಿಗೆ ಆಯಾ ಸಂಸ್ಥೆಗೆ ಅರ್ಜಿ ಹಾಕಿ ಕೋಆಪ್ ಎಂಬ ಪೋರ್ಟಲ್ ಮೂಲಕ ಸೀಟು. ಗೇಟ್ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಅದಕ್ಕೆ ಬದಲಾಗಿ ವಾರಕ್ಕೆ ಎಂಟು ಗಂಟೆ ಬಿ.ಟೆಕ್ ಹುಡುಗರ ಲ್ಯಾಬ್, ಅಸೈನ್‌ಮೆಂಟ್ ನೋಡಿಕೊಳ್ಳಬೇಕು. ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಕರ್ನಾಟಕದ ಕಾಲೇಜುಗಳಿಗೆ ಸೇರಬಹುದು, ಆದರೆ ಗೇಟ್ ಇಲ್ಲದೆ ಸೇರಿದವರಿಗೆ ಆ ಸ್ಟೈಪೆಂಡ್ ಇಲ್ಲ. ಮನೆಗೆ ದುಡ್ಡು ಕಳಿಸಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. 12,400ರಲ್ಲಿ ಹಾಸ್ಟೆಲ್, ಊಟ ಹೇಗೋ ನಡೆಯುತ್ತದೆ. ಮನೆಗೆ ಕಳಿಸುವಷ್ಟು ಉಳಿಯುವುದಿಲ್ಲ. ಹಾಗಾಗಿ ಕೆಲಸ ಬಿಡುವ ಮೊದಲೇ ಸ್ವಲ್ಪ ಕೂಡಿಟ್ಟುಕೊಳ್ಳಿ. ಕೆಲಸದಲ್ಲಿದ್ದುಕೊಂಡೇ ಗೇಟ್ ಬರೆಯಿರಿ, ಒಳ್ಳೆಯ ಸೀಟು ಕೈಗೆ ಬಂದ ಮೇಲೆ ರಾಜೀನಾಮೆ ಕೊಡಿ. ಮಳೆಗಾಲದಲ್ಲಿ ಸೈಟ್ ಸ್ವಲ್ಪ ನಿಧಾನ ಆಗುತ್ತದಲ್ವಾ, ಓದು ಶುರು ಮಾಡಲು ಅದೇ ಹೊತ್ತು.

ವಿದೇಶದ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಫೀ ಇಲ್ಲ ಅನ್ನುವುದು ನಿಜ, ಆದರೆ ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಇದೆ. ಅಲ್ಲಿನ ಸೈಟ್, ಡಿಸೈನ್ ಆಫೀಸ್ ಎಲ್ಲ ನಡೆಯುವುದು ಜರ್ಮನ್ ಭಾಷೆಯಲ್ಲಿ. ಸಾಫ್ಟ್‌ವೇರ್‌ನವರಂತೆ ಇಂಗ್ಲಿಷ್‌ನಲ್ಲೇ ಸಾಗಿಸುವುದು ಸಿವಿಲ್‌ನವರಿಗೆ ಕಷ್ಟ. ಸಾಲ ಮಾಡಿ ಹೋಗುವುದಾದರೆ ಕೋರ್ಸಿಗಿಂತ ಮೊದಲು ಆ ದೇಶದ ಲೈಸೆನ್ಸ್ ನಿಯಮ ಓದಿ. ಅಮೆರಿಕದಲ್ಲಿ ಡ್ರಾಯಿಂಗಿಗೆ ಸಹಿ ಹಾಕಲು ಪಿಇ (ಪ್ರೊಫೆಷನಲ್ ಎಂಜಿನಿಯರ್) ಲೈಸೆನ್ಸ್ ಬೇಕು, ಬರೀ ಮಾಸ್ಟರ್ಸ್ ಸಾಲದು.

25 ಅಂದರೆ ಲೇಟ್ ಅಲ್ಲವೇ ಅಲ್ಲ. ನನ್ನ ಬ್ಯಾಚ್‌ನಲ್ಲೇ ಸೈಟ್‌ನಿಂದ ಬಂದವರು ಇದ್ದರು, ಪ್ರೊಫೆಸರ್‌ಗಳಿಗೆ ಅವರನ್ನು ಕಂಡರೆ ಇಷ್ಟ. ಪೈಲ್ ಅಂದರೆ ಏನು ಅಂತ ಅವರಿಗೆ ಬೋರ್ಡ್ ಮೇಲೆ ಬರೆದು ತೋರಿಸಬೇಕಿಲ್ಲ. ಕಷ್ಟ ಬರುವುದು ಬೇರೆ ಕಡೆ. ಸೈಟ್‌ನಲ್ಲಿ ಎರಡು ವರ್ಷ ಕಳೆದರೆ ಗಣಿತಕ್ಕೆ ತುಕ್ಕು ಹಿಡಿದಿರುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಮ್ಯಾಟ್ರಿಕ್ಸ್, ಡಿಫರೆನ್ಷಿಯಲ್ ಈಕ್ವೇಶನ್ ಎಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ, ಆಗ ಹೊಸದಾಗಿ ಬಿ.ಇ. ಮುಗಿಸಿ ಬಂದ ಹುಡುಗರು ಮುಂದೆ ಓಡುತ್ತಾರೆ. ಗೇಟ್‌ನಲ್ಲಿ ಗಣಿತಕ್ಕೆ 13 ಅಂಕದಷ್ಟು ಇರುತ್ತದೆ, ತುಂಬಾ ಜನ ಅದನ್ನು ಕೊನೆಗೆ ಬಿಡುತ್ತಾರೆ. ನೀವು ಅಲ್ಲಿಂದಲೇ ಶುರು ಮಾಡಿ.