ಕಾರವಾರಕ್ಕೆ ಬರುವವರು ಸಿಮ್ ತಗೊಳ್ಳುವ ಮೊದಲು ಮನೆಯ ಹಿಂದಿನ ಗುಡ್ಡ ನೋಡಿ

ಕಾರವಾರಕ್ಕೆ ವರ್ಗವಾಗಿದೆ, ಅಲ್ಲಿ ಯಾವ ಕಂಪನಿಯ ಸಿಮ್ ಚೆನ್ನಾಗಿ ನಡೆಯುತ್ತದೆ ಎಂದು ಕೇಳಿದ್ದೀರಿ. ಬಯಲುಸೀಮೆಯ ಊರಾಗಿದ್ದರೆ ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಉತ್ತರ ಕನ್ನಡದಲ್ಲಿ ಹಾಗೆ ಹೇಳಿದರೆ ನಿಮ್ಮ ದಾರಿ ತಪ್ಪಿಸಿದಂತೆ. ಇಲ್ಲಿ ಒಂದೇ ಊರಿನ ಮೇಲಿನಕೇರಿಗೆ ಒಂದು ಕಂಪನಿ, ಕೆಳಗಿನಕೇರಿಗೆ ಇನ್ನೊಂದು. ಜಿಲ್ಲೆಗೆ ಯಾವುದು ಒಳ್ಳೆಯದು ಅಂತ ಕೇಳಬೇಡಿ. ನೀವು ಹಿಡಿಯುವ ಮನೆಗೆ ಯಾವುದು, ಅದೂ ಜುಲೈ ತಿಂಗಳಲ್ಲಿ ಯಾವುದು ಅಂತ ಕೇಳಿ.

ಮೊದಲು ನೆಲದ ಬಗ್ಗೆ ಹೇಳುತ್ತೇನೆ, ಎಲ್ಲ ಅಲ್ಲಿಂದಲೇ ಶುರು. ಕಾರವಾರದಲ್ಲಿ ಸಹ್ಯಾದ್ರಿ ಸಮುದ್ರದ ಹತ್ತಿರಕ್ಕೇ ಬಂದು ನಿಂತಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ, ನಡುವಿನ ಸಣ್ಣ ಪಟ್ಟಿಯಲ್ಲಿ ಊರು, ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲು. ಟವರ್‌ಗಳು ಜಾಸ್ತಿ ಇರುವುದೂ ಇದೇ ಪಟ್ಟಿಯಲ್ಲಿ. ಹೆದ್ದಾರಿಯ ಮೇಲೆ ಬಸ್ಸಿನಲ್ಲಿ ಕೂತು ವಿಡಿಯೋ ನೋಡುತ್ತಾ ಬಂದವರಿಗೆ ಇಲ್ಲಿ ನೆಟ್‌ವರ್ಕ್ ತೊಂದರೆ ಇದೆ ಅಂತ ಅನಿಸುವುದೇ ಇಲ್ಲ. ಹೆದ್ದಾರಿ ಬಿಟ್ಟು ಕಾಳಿ ನದಿಯ ಗುಂಟ ಕದ್ರಾ ಕಡೆ ಹೋಗಿ, ಇಲ್ಲವೇ ಅಣಶಿ ಘಟ್ಟ ಹತ್ತಿ ಜೋಯಿಡಾ ಕಡೆ ಹೋಗಿ, ಆಗ ಗೊತ್ತಾಗುತ್ತದೆ. ಜೋಯಿಡಾ ತಾಲೂಕಿನಲ್ಲಿ ಬಹುಪಾಲು ಕಾಡು. ಕಾಳಿ ಹುಲಿ ಸಂರಕ್ಷಿತ ಪ್ರದೇಶವೂ ಅಲ್ಲೇ. ಮನೆಗಳು ದೂರ ದೂರ, ಟವರ್ ಹಾಕಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಅಲ್ಲಿಯವರೆಗೆ ಕರೆಂಟು ಮತ್ತು ಕೇಬಲ್ ಎಳೆಯಬೇಕು. ಹತ್ತು ಹದಿನೈದು ಮನೆಗೋಸ್ಕರ ಅಷ್ಟು ಖರ್ಚು ಮಾಡಲು ಕಂಪನಿಗಳು ಮುಂದೆ ಬರುವುದಿಲ್ಲ.

ಘಟ್ಟದ ಮೇಲೆ ಶಿರಸಿ ಕಡೆ ಕಥೆ ಬೇರೆ. ಶಿರಸಿ ಪೇಟೆಯಲ್ಲಿ ಎಲ್ಲ ಕಂಪನಿಯೂ ಸಿಗುತ್ತದೆ. ಆದರೆ ಅಡಿಕೆ ತೋಟ ಇರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ನೀರು, ನೆರಳು ಎರಡೂ ಸಿಗಬೇಕಲ್ಲ. ಮನೆ ತೋಟದ ಅಂಚಿಗೆ, ಹಿಂದೆ ಸೊಪ್ಪಿನ ಬೆಟ್ಟ. ಟವರ್‌ನಿಂದ ಬರುವ ಸಿಗ್ನಲ್ ಮನೆಯ ತಲೆಯ ಮೇಲೆ ಹಾದು ಎದುರಿನ ಗುಡ್ಡಕ್ಕೆ ಹೋಗಿ ಬೀಳುತ್ತದೆ. ಆದ್ದರಿಂದಲೇ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಫೋನಿಗೆ ಅಂತಲೇ ಒಂದು ಜಾಗ ಇದೆ. ಜಗಲಿಯ ಮೂಲೆಯ ಕಿಟಕಿ ಸರಳಿಗೆ ಒಂದು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿರುತ್ತಾರೆ, ಫೋನ್ ಅದರಲ್ಲಿ ಕೂತಿರುತ್ತದೆ. ಬೆಲ್ ಆದರೆ ಅಲ್ಲೇ ಸ್ಪೀಕರ್ ಹಾಕಿ ಮಾತಾಡಬೇಕು. ಕೈಗೆ ತಗೊಂಡು ಒಳಗೆ ಎರಡು ಹೆಜ್ಜೆ ಇಟ್ಟರೆ ಕಟ್. ಹೊಸಬರಿಗೆ ಇದು ವಿಚಿತ್ರ ಅನಿಸಬಹುದು. ಇಲ್ಲಿ ಆರತಿ ತಟ್ಟೆಗೆ ಜಾಗ ಇದ್ದ ಹಾಗೆ ಫೋನಿಗೂ ಒಂದು ಜಾಗ.

2020ರ ಲಾಕ್‌ಡೌನ್‌ನಲ್ಲಿ ಮಕ್ಕಳು ಗುಡ್ಡದ ನೆತ್ತಿಗೆ ಹೋಗಿ, ಟಾರ್ಪಾಲ್ ಕಟ್ಟಿಕೊಂಡು, ಮಳೆಯಲ್ಲಿ ಕೊಡೆ ಹಿಡಿದು ಆನ್‌ಲೈನ್ ಪಾಠ ಕೇಳಿದ್ದನ್ನು ನೀವು ಸುದ್ದಿಯಲ್ಲಿ ನೋಡಿರಬಹುದು. ಆ ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಈಗ ಎಲ್ಲದಕ್ಕೂ ಓಟಿಪಿ. ಗ್ಯಾಸ್ ಸಿಲಿಂಡರ್ ತಂದವರು ನಾಲ್ಕು ಅಂಕಿ ಹೇಳಿ ಅಂತಾರೆ. ಆ ಅಂಕಿ ಬಂದಿರುವುದು ಫೋನಿಗೆ, ಫೋನಿಗೆ ನೆಟ್‌ವರ್ಕ್ ಇಲ್ಲ. ಮನೆಯಾಕೆ ಒಲೆ ಸಣ್ಣ ಮಾಡಿ, ಫೋನ್ ಹಿಡಿದು, ಬೆಟ್ಟದ ಮೇಲಿನ ಗೇರುಮರದ ತನಕ ಹತ್ತಬೇಕು. ಸಿಲಿಂಡರ್ ಗಾಡಿ ಅಂಗಳದಲ್ಲಿ ಕಾಯಬೇಕು. ರೇಷನ್ ಅಂಗಡಿಯಲ್ಲಿ ಬೆರಳಿಡುವ ಯಂತ್ರಕ್ಕೂ ನೆಟ್ ಬೇಕು, ಅದು ಸಿಗದ ದಿನ ಅಕ್ಕಿಯೂ ಇಲ್ಲ. ಯಾವ ಸಿಮ್ ಅನ್ನುವ ಪ್ರಶ್ನೆಯನ್ನು ನಾವು ಸುಮ್ನೆ ಮಾತಿಗೆ ಕೇಳುವುದಿಲ್ಲ. ನಮಗೆ ಅದು ದಿನದ ಬದುಕಿನ ಪ್ರಶ್ನೆ.

ಮನೆ ನೋಡಲು ಬಂದಾಗ ಫೋನಿನ ಸಿಗ್ನಲ್ ಕಡ್ಡಿ ನಂಬಬೇಡಿ. ಒಂದೊಂದು ಫೋನ್ ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆಯಿರಿ. ಸಿಗ್ನಲ್ ಎಷ್ಟಿದೆ ಅಂತ ಡಿಬಿಎಂ ಲೆಕ್ಕದಲ್ಲಿ ಇರುತ್ತದೆ. ಅಂಕಿ ಮೈನಸ್‌ನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90 ಒಳಗಿದ್ದರೆ ಚೆನ್ನಾಗಿದೆ, 100ರ ಸುತ್ತಮುತ್ತ ಪರವಾಗಿಲ್ಲ, 110 ದಾಟಿದರೆ ಕಷ್ಟ, 120ಕ್ಕೆ ಬಂದರೆ ಆಸೆ ಬಿಡಿ. ಅಂಗಳದಲ್ಲಿ ನೋಡಿ ಸಮಾಧಾನ ಪಡಬೇಡಿ. ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ನೋಡಿ. ಚಿರೆಕಲ್ಲಿನ ದಪ್ಪ ಗೋಡೆ, ಮೇಲೆ ತಗಡಿನ ಮಾಡು ಇರುವ ಮನೆಯಲ್ಲಿ ಒಳಗೂ ಹೊರಗೂ ಬಹಳ ವ್ಯತ್ಯಾಸ ಇರುತ್ತದೆ. ಇನ್ನೊಂದು ಗುಟ್ಟು: ಫೋನಿನಲ್ಲಿ ‘ತುರ್ತು ಕರೆ ಮಾತ್ರ’ ಅಂತ ಬಂದರೆ ಸಾಮಾನ್ಯವಾಗಿ ನಿಮ್ಮ ಕಂಪನಿ ಅಲ್ಲಿ ಇಲ್ಲ, ಬೇರೆ ಯಾವುದೋ ಕಂಪನಿ ಇದೆ ಅಂತ ಅರ್ಥ. ಯಾವುದು ಅಂತ ಪಕ್ಕದ ಮನೆಯವರನ್ನು ಕೇಳಿದರೆ ಆಯಿತು.

ಈಗ ಮಳೆಗಾಲದ ವಿಷಯ. ಮಳೆ ಹನಿಯಿಂದ ಮೊಬೈಲ್ ಸಿಗ್ನಲ್ ಅಷ್ಟೇನೂ ಕೆಡುವುದಿಲ್ಲ. ಕೆಡಿಸುವುದು ಬೇರೆ. ಗಾಳಿಗೆ ಮರ ಬಿದ್ದು ಕರೆಂಟ್ ಲೈನ್ ತುಂಡಾಗುತ್ತದೆ. ಟವರ್ ಕೆಲವು ಗಂಟೆ ಬ್ಯಾಟರಿಯ ಮೇಲೆ ನಡೆಯುತ್ತದೆ. ಜನರೇಟರ್‌ಗೆ ಡೀಸೆಲ್ ಹಾಕುವವರು ಬಂದರೆ ಉಳಿಯಿತು, ಇಲ್ಲದಿದ್ದರೆ ಊರಿಗೆ ಊರೇ ಮೌನ. ಕೆಲವು ಟವರ್‌ಗಳಿಗೆ ಕೇಬಲ್ ಇರುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಡಿಶ್ ಮೂಲಕ ಸಂಪರ್ಕ. ಜೋರು ಮಳೆಯಲ್ಲಿ ಆ ಸಂಪರ್ಕ ದುರ್ಬಲವಾಗುತ್ತದೆ. ಆಗ ಫೋನಿನಲ್ಲಿ ಕಡ್ಡಿ ತುಂಬಾ ಇರುತ್ತದೆ, ಒಂದು ಮೆಸೇಜೂ ಹೋಗುವುದಿಲ್ಲ. ಕೇಬಲ್ ಇದ್ದಲ್ಲಿ ಗುಡ್ಡ ಜರಿದರೆ, ರಸ್ತೆ ಅಗೆದರೆ ಅದೂ ತುಂಡಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅಂಥ ಹೊತ್ತಿನಲ್ಲಿ ಮನೆಯವರಿಗೆ ಒಂದು ಫೋನ್ ಹೋಗುವುದು ಎಷ್ಟು ದೊಡ್ಡದು ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಹಾಗಾಗಿ ಜನವರಿಯಲ್ಲಿ ಬಂದು ಸ್ಪೀಡ್ ನೋಡಿ ತೀರ್ಮಾನ ಮಾಡಬೇಡಿ. ‘ಕರೆಂಟ್ ಹೋದ ಮೇಲೆ ಯಾವುದು ಜಾಸ್ತಿ ಹೊತ್ತು ಉಳಿಯುತ್ತದೆ?’ ಅಂತ ಕೇಳಿ. ಊರಿನವರು ಥಟ್ಟನೆ ಹೇಳುತ್ತಾರೆ.

ನಿಮ್ಮ ಮನೆ ಸದಾಶಿವಗಡ, ಚಿತ್ತಾಕುಲ, ಮಾಜಾಳಿ ಕಡೆ ಆದರೆ ಗಡಿಯದ್ದೂ ಒಂದು ಲೆಕ್ಕ ಇದೆ. ಮಾಜಾಳಿ ದಾಟಿದರೆ ಗೋವಾದ ಪೊಳೆಂ, ಆಮೇಲೆ ಕಾಣಕೋಣ. ದೂರಸಂಪರ್ಕದ ಲೆಕ್ಕದಲ್ಲಿ ಕರ್ನಾಟಕ ಒಂದು ವಲಯ, ಗೋವಾ ಮಹಾರಾಷ್ಟ್ರದ ವಲಯಕ್ಕೆ ಸೇರಿದ್ದು. ಗಡಿಯಂಚಿನ ಮನೆಯಲ್ಲಿ ಕೂತಲ್ಲೇ ಫೋನ್ ಗೋವಾದ ಟವರ್ ಹಿಡಿಯುತ್ತದೆ. ಮೊದಲೆಲ್ಲ ರೋಮಿಂಗ್‌ನಲ್ಲಿ ಬಂದ ಕರೆಗೂ ದುಡ್ಡು ಕಟ್ಟಾಗುತ್ತಿತ್ತು, ಜನ ಬೈದುಕೊಂಡೇ ಫೋನ್ ಎತ್ತುತ್ತಿದ್ದರು. ಈಗ ಆ ತಲೆಬಿಸಿ ಇಲ್ಲ. ಆದರೆ ಕೆಲವು ಫೋನಿನಲ್ಲಿ ಡೇಟಾ ರೋಮಿಂಗ್ ಬಂದ್ ಇದ್ದರೆ ಕರೆ ಬರುತ್ತದೆ, ಇಂಟರ್‌ನೆಟ್ ಮಾತ್ರ ನಿಂತುಹೋಗುತ್ತದೆ. ಸಿಮ್ ಹಾಳಾಗಿದೆ ಅಂತ ಅಂಗಡಿಗೆ ಓಡುವ ಮೊದಲು ಅದನ್ನು ಆನ್ ಮಾಡಿ ನೋಡಿ. ನಮ್ಮಲ್ಲಿ ತುಂಬಾ ಜನ ಬೆಳಗಿನ ರೈಲು ಹತ್ತಿ ಗೋವಾಕ್ಕೆ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕೆಲಸದ ಜಾಗದಲ್ಲಿ ಹಿಂದಿ. ಅವರು ಸಿಮ್ ಆರಿಸುವಾಗ ಎರಡೂ ಕಡೆಯ ಹಾದಿ ನೋಡುತ್ತಾರೆ. ರೈಲು ದಾರಿಯ ಸುರಂಗದೊಳಗೆ ಮಾತ್ರ ಮಾತು ಅರ್ಧಕ್ಕೆ ನಿಲ್ಲುತ್ತದೆ. ‘ಬೋಗದ ಬಂತು, ಆಮೇಲೆ ಮಾಡ್ತೆ’ ಅಂದರೆ ಮನೆಯವರಿಗೆ ಅರ್ಥವಾಗುತ್ತದೆ.

5ಜಿ ಜಾಹೀರಾತಿಗೆ ಮರುಳಾಗಬೇಡಿ. ವೇಗ ಜಾಸ್ತಿ ಕೊಡುವ ಮೇಲಿನ (ಹೆಚ್ಚು ಮೆಗಾಹರ್ಟ್ಸ್‌ನ) ತರಂಗಗಳು ದೂರ ಹೋಗುವುದಿಲ್ಲ, ಗುಡ್ಡ ಮರ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತವೆ. ನಮ್ಮಂಥ ಜಾಗಕ್ಕೆ ಬೇಕಾದ್ದು 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಗೆ 700 ಬಳಸುತ್ತದೆ. ಅದಕ್ಕೆ ನಿಮ್ಮ ಫೋನಿನಲ್ಲಿ ಬ್ಯಾಂಡ್ 28, ಅಂದರೆ ಆ 700ರ ತರಂಗ ಹಿಡಿಯುವ ಸೌಲಭ್ಯ ಇರಬೇಕು. ಹಳೇ ಫೋನುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ, ಆಗ ಟವರ್ ಎದುರಿಗೇ ಇದ್ದರೂ ಆ 700ರ 4ಜಿ ಸಿಗುವುದಿಲ್ಲ. ಅಪ್ಪ ಅಮ್ಮನ ಹತ್ತಿರ ಹಳೇ 2ಜಿ ಕೀಪ್ಯಾಡ್ ಫೋನ್ ಇದ್ದರೆ ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ. ಜಿಯೋಗೆ 2ಜಿ ಇಲ್ಲವೇ ಇಲ್ಲ. ಅದಕ್ಕೆ ಏರ್‌ಟೆಲ್, ವಿಐ ಅಥವಾ ಬಿಎಸ್‌ಎನ್‌ಎಲ್ ನೋಡಬೇಕು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರಲ್ಲಿ ತಂದ ನಿಯಮದ ಪ್ರಕಾರ ಕಂಪನಿಗಳು ತಮ್ಮ ವೆಬ್‌ಸೈಟ್‌ನಲ್ಲಿ ಎಲ್ಲೆಲ್ಲಿ ಸೇವೆ ಇದೆ ಅಂತ ನಕ್ಷೆ ಹಾಕಬೇಕು. ಅದನ್ನು ನೋಡಿ, ಎರಡು ಕಂಪನಿ ಆರಿಸಿಕೊಳ್ಳಲು ಸಾಕು. ಆದರೆ ಗುಡ್ಡದ ಮಡಿಕೆಯಲ್ಲಿರುವ ಮನೆಯ ವಿಷಯದಲ್ಲಿ ನಕ್ಷೆಯ ಬಣ್ಣಕ್ಕಿಂತ ಪೋಸ್ಟ್‌ಮನ್, ಕೊರಿಯರ್ ಹುಡುಗ, ಆಟೋದವರು ಹೇಳಿದ್ದೇ ಖರೆ. ದಿನಾ ಅದೇ ದಾರಿಯಲ್ಲಿ ಫೋನ್ ಮಾಡುತ್ತಾ ಓಡಾಡುವವರು ಅವರು. ಸಿಮ್ ಮಾರುವ ಅಂಗಡಿಯಲ್ಲಿ ಮಾತ್ರ ಕೇಳಬೇಡಿ.

ಎರಡು ಸಿಮ್ ಇಟ್ಟುಕೊಳ್ಳಿ, ಎರಡು ಬೇರೆ ಕಂಪನಿಯದ್ದು, ಸಾಧ್ಯವಾದರೆ ಎರಡು ಬೇರೆ ಟವರ್‌ನದ್ದು. ಒಂದೇ ಕಂಬದ ಮೇಲೆ ಎರಡು ಕಂಪನಿ ಇದ್ದರೆ ಕರೆಂಟ್ ಹೋದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಮನೆಗೆ ಫೈಬರ್ ಬಂದಿದ್ದರೆ ವೈ-ಫೈ ಕಾಲಿಂಗ್ ಆನ್ ಮಾಡಿ. ಜಿಯೋ, ಏರ್‌ಟೆಲ್ ಎರಡರಲ್ಲೂ ಇದೆ. ಟವರ್ ಸಿಗದ ಕೋಣೆಯಲ್ಲೂ ನಿಮ್ಮದೇ ನಂಬರಿನಿಂದ ಮಾತಾಡಬಹುದು, ಫೋನ್ ಮಾತ್ರ ಆ ಸೌಲಭ್ಯ ಇರುವಂಥದ್ದಾಗಿರಬೇಕು. ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಿಗೆ ಇದು ದೊಡ್ಡ ಉಪಕಾರ. ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸುವುದನ್ನು ಮರೆಯಬೇಡಿ.

ಬಂದ ಕೂಡಲೇ ನಂಬರ್ ಪೋರ್ಟ್ ಮಾಡಬೇಡಿ, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಾಯಿಸಬೇಡಿ. ಮೊದಲು ಕಡಿಮೆ ರೀಚಾರ್ಜಿನ ಒಂದು ಹೊಸ ಸಿಮ್ ತಗೊಂಡು ಮನೆಯಲ್ಲಿ ಬಳಸಿ ನೋಡಿ. ಸರಿ ಅನಿಸಿದರೆ ಆಮೇಲೆ 1900ಕ್ಕೆ PORT ಸಂದೇಶ ಕಳಿಸಿ. ಒಮ್ಮೆ ಬದಲಾಯಿಸಿದರೆ ಮತ್ತೆ ಬದಲಾಯಿಸಲು 90 ದಿನ ಕಾಯಬೇಕು, ಜೂನ್‌ನಲ್ಲಿ ಎಡವಿದರೆ ಇಡೀ ಮಳೆಗಾಲ ಅದರಲ್ಲೇ ಕಳೆಯಬೇಕಾಗುತ್ತದೆ. ಮನೆ ಗೊತ್ತಾದ ಮೇಲೆ ಊರು, ಕೇರಿಯ ಹೆಸರು ಬರೆದು ತಿಳಿಸಿ. ಆ ಕಡೆಯವರನ್ನು ಕೇಳಿ ಹೇಳುತ್ತೇನೆ.